ಸಾಚಾ ಬಿಡಲೊಲ್ಲದ ಐಸು

ಘಟಪ್ರಭೆ ಸೊರಗಿ, ಗೋಕಾಕ ಜಲಪಾತದ 52 ಮೀಟರ್ ಬಂಡೆ ಬರಿಮೈಯಲ್ಲಿ ನಿಲ್ಲುವ ಬೇಸಿಗೆಯಲ್ಲಿ ಆ ಸೀಮೆಯವರು ಐಸಿನ ಬಗ್ಗೆ ಬರೆಯುವುದು ಸಹಜ. ಆದರೆ ಈ ಸಲ ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಬಂದ ಐದು ಪತ್ರಗಳಲ್ಲಿ ಒಂದರಲ್ಲೂ ‘ಐಸು ಬೇಗ ಕರಗುತ್ತದೆ’ ಎಂಬ ದೂರಿಲ್ಲ. ಮೂವರು ಐಸು ಹಿಡಿದದ್ದನ್ನು ಬಿಡುವುದಿಲ್ಲ ಅನ್ನುತ್ತಾರೆ. ಒಬ್ಬರು ಆ ಹಿಡಿತವನ್ನೇ ಅಳೆಯಬೇಕು ಅನ್ನುತ್ತಾರೆ. ಐದನೆಯವರು ಹಿಡಿಯುವುದೇ ಇಲ್ಲ ಅನ್ನುತ್ತಾರೆ. ಎಲ್ಲರ ಪತ್ರದಲ್ಲೂ ಉಪ್ಪು, ಎಣ್ಣೆ, ಇಲ್ಲವೇ ಯಾವುದೋ ‘ರಾಸಾಯನಿಕ’ ಬಂದೇ ಬಂದಿದೆ. ಹಾಗಾಗಿ ಐದನ್ನೂ ಒಟ್ಟಿಗೇ ಇಟ್ಟುಕೊಂಡು ಕೂತಿದ್ದೇನೆ.

ನಮಸ್ಕಾರ್ರೀ ಸರ್. ಗೋಕಾಕದಾಗ ನಮ್ಮದೊಂದು ಸಣ್ಣ ಐಸ್ ಫ್ಯಾಕ್ಟರಿ ಐತಿ. ಕ್ಯಾನು ಹಳೇವಾಗ್ಯಾವ. ಮುಂಜಾನೆ ಕಬ್ಬಿನ ಹಾಲಿನ ಗಾಡಿಯವ್ರು ಬಂದು ನಿಂತಿರ್ತಾರ, ಗಡ್ಡಿ ಮಾತ್ರ ಕ್ಯಾನ್ ಬಿಡಂಗಿಲ್ಲ. ಹುಡುಗ್ರು ಸುತ್ತಿಗಿ ತೊಗೊಂಡು ಬಡೀತಾರ. ಒಬ್ರು ‘ಒಂದೊಂದು ಕ್ಯಾನಿಗೆ ಪಾವ ಕಿಲೋ ಉಪ್ಪು ಹಾಕ್ರಿ, ಜಾರಿ ಬರತೈತಿ’ ಅಂದ್ರು. ಹಾಕಬೇಕೋ ಬ್ಯಾಡೋ?
— ಐಸ್ ಫ್ಯಾಕ್ಟರಿ ಮಾಲೀಕರು, ಗೋಕಾಕ

ಬೇಡ. ಮೊದಲು ಸುತ್ತಿಗೆ ಕೆಳಗಿಡಿಸಿ, ಉಪ್ಪಿನ ವಿಷಯ ಆಮೇಲೆ.

ಉಪ್ಪು ಹೇಳಿಕೊಟ್ಟವರು ಪೂರ್ತಿ ಸುಳ್ಳು ಹೇಳಿಲ್ಲ. ಶುದ್ಧ ನೀರಿನ ಐಸು ಸ್ವಚ್ಛವಾದ ಉಕ್ಕಿಗೆ ಹಿಡಿಯುವ ಬಲ ಪ್ರತಿ ಚದರ ಸೆಂಟಿಮೀಟರಿಗೆ ಐದರಿಂದ ಹದಿನೈದು ಕಿಲೋ ತೂಕದಷ್ಟಿರುತ್ತದೆ. ಅಂಗೈಯಗಲ ಜಾಗ ಅಂದರೆ ನೂರು ಚದರ ಸೆಂಟಿಮೀಟರು. ಅಷ್ಟನ್ನು ಜಾರಿಸಲು ಅರ್ಧ ಟನ್ನಾದರೂ ಬೇಕು. 1950ರ ದಶಕದ ಕೊನೆಯಲ್ಲಿ ಜೆಲ್ಲಿನೆಕ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ಇದನ್ನು ಅಳೆದರು. ಚಳಿ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತ ಹೋಗಿ, ಸುಮಾರು ಮೈನಸ್ 13 ಡಿಗ್ರಿಗಿಂತ ಕೆಳಗೆ ಐಸು ಲೋಹವನ್ನು ಬಿಡುವ ಬದಲು ತಾನೇ ಮುರಿಯುತ್ತದೆ ಎಂದು ಕಂಡುಕೊಂಡರು. ನಿಮ್ಮ ಹುಡುಗರಿಗೆ ಇದು ಪುಸ್ತಕ ಓದದೆಯೇ ಗೊತ್ತಿರಬೇಕು: ಬಡಿದಾಗ ಗಡ್ಡೆ ಒಡೆಯುತ್ತದೆ, ತಗಡಿಗೆ ಹತ್ತಿದ್ದು ಹತ್ತಿಯೇ ಇರುತ್ತದೆ.

ಉಪ್ಪು ಈ ಹಿಡಿತವನ್ನು ಸಡಿಲಿಸುವುದು ನಿಜ. ಐಸಿನ ಹರಳು ಬಹಳ ಮಡಿವಂತ, ತನ್ನ ಸಾಲಿನಲ್ಲಿ ಉಪ್ಪನ್ನು ಕೂರಿಸಿಕೊಳ್ಳುವುದಿಲ್ಲ, ಹೊರಗೆ ತಳ್ಳುತ್ತದೆ. ತಳ್ಳಿದ ಉಪ್ಪು ಉಳಿದ ನೀರಿನಲ್ಲಿ ಗಟ್ಟಿಯಾಗಿ ಸೇರಿ, ಆ ನೀರು ಹೆಪ್ಪುಗಟ್ಟದೆ ಉಳಿಯುತ್ತದೆ. ಲೋಹಕ್ಕೂ ಐಸಿಗೂ ನಡುವೆ ಇಂಥ ಉಪ್ಪುನೀರಿನ ತೆಳುಪದರ ನಿಂತರೆ ಗಡ್ಡೆ ಜಾರುತ್ತದೆ.

ನಿಮಗೆ ಸಲಹೆ ಕೊಟ್ಟವರು ತಪ್ಪಿದ್ದು ಇಲ್ಲಿ. ನಿಮ್ಮ ಕ್ಯಾನಿನಲ್ಲಿ ಐಸು ಮೊದಲು ಕಟ್ಟುವುದು ತಗಡಿನ ಗೋಡೆಗೆ. ಅಲ್ಲಿಂದ ಒಳಮುಖವಾಗಿ ಬೆಳೆಯುತ್ತ ಉಪ್ಪನ್ನು ನಡುವಿಗೆ ದೂಡಿಕೊಂಡು ಹೋಗುತ್ತದೆ. ಅಂದರೆ ಉಪ್ಪು ಎಲ್ಲಿ ಬೇಕೋ ಅಲ್ಲಿ ಎಲ್ಲಕ್ಕಿಂತ ಕಡಿಮೆ, ಎಲ್ಲಿ ಬೇಡವೋ ಅಲ್ಲಿ ರಾಶಿ. ಗಡ್ಡೆಯ ನಡುಭಾಗ ಬೆಳ್ಳಗೆ ಮಬ್ಬಾಗಿರುವುದನ್ನು ದಿನಾ ನೋಡುತ್ತೀರಿ. ಬೋರಿನ ನೀರಿನ ಲವಣ ಮತ್ತು ಗಾಳಿ ಕೊನೆಗೆ ಬಂದು ಸಿಕ್ಕಿಬಿದ್ದ ಜಾಗ ಅದು. ನೀವು ಹಾಕುವ ಪಾವ ಕಿಲೋ ಉಪ್ಪಿನಲ್ಲಿ ಬಹುಪಾಲು ಅಲ್ಲಿಗೇ ಹೋಗಿ ಕೂರುತ್ತದೆ. ಗಡ್ಡೆ ಮೆದುವಾಗುತ್ತದೆ, ಬೇಗ ಕರಗುತ್ತದೆ, ಕ್ಯಾನಿನ ಸತುವಿನ ಲೇಪ ಒಳಗಿನಿಂದ ತಿಂದುಹೋಗುತ್ತದೆ. ಕಬ್ಬಿನ ಹಾಲು ಕುಡಿದವರು ಗಾಡಿಯವರ ಮೇಲೆ ಹರಿಹಾಯುತ್ತಾರೆ, ಗಾಡಿಯವರು ನಿಮ್ಮ ಬಾಗಿಲಿಗೆ ಬರುತ್ತಾರೆ.

ಬೇಕಾದದ್ದು ಎದುರಿಗೇ ಇದೆ: ಸಾದಾ ನೀರಿನ ತೊಟ್ಟಿ. ಕ್ಯಾನನ್ನು ಒಂದೆರಡು ನಿಮಿಷ ಅದರಲ್ಲಿ ಮುಳುಗಿಸಿದರೆ ಗೋಡೆಯಂಚಿನ ಐಸು ಕರಗಿ, ನಿಮಗೆ ಬೇಕಾದ ಆ ತೆಳುಪದರ ಶುದ್ಧ ನೀರಿನದೇ ಆಗಿ ಸಿಗುತ್ತದೆ. 150 ಕಿಲೋ ಗಡ್ಡೆಯ ಸುತ್ತ ಅರ್ಧ ಮಿಲಿಮೀಟರು ಕರಗಿದರೆ ಹೋಗುವುದು ಹೆಚ್ಚುಕಡಿಮೆ ಒಂದು ಲೀಟರು. ಆ ನಷ್ಟ ತಡೆದುಕೊಳ್ಳಿ. ಕ್ಯಾನು ಬಾಯಲ್ಲಿ ಅಗಲ, ತಳದಲ್ಲಿ ಕಿರಿದಾಗಿರುವುದೂ ಇದಕ್ಕೇ. ಒಂದು ಕೂದಲೆಳೆ ಸಡಿಲಾದರೆ ಸಾಕು, ಬಾಗಿಸಿದ ಕೂಡಲೆ ಗಡ್ಡೆ ಪೂರ್ತಿ ಕಳಚಿಕೊಳ್ಳುತ್ತದೆ. ಆದರೆ ಸುತ್ತಿಗೆಯ ಏಟಿಗೆ ತಗಡು ಒಳಗೆ ತಗ್ಗಿದ್ದರೆ ಗಡ್ಡೆ ಅಲ್ಲಿ ಕೀಲು ಹಾಕಿದಂತೆ ಸಿಗಿಬೀಳುತ್ತದೆ. ನೀರು ಐಸಾಗುವಾಗ ಶೇ. 9ರಷ್ಟು ಹಿಗ್ಗುತ್ತದೆ, ಆ ತಗ್ಗನ್ನು ಬಿಗಿಯಾಗಿ ತುಂಬಿಕೊಳ್ಳುತ್ತದೆ. ಬಡಿದಷ್ಟೂ ಬಿಡುವುದಿಲ್ಲ, ಬಿಡದಷ್ಟೂ ಬಡಿಯುತ್ತೀರಿ. ತಗ್ಗುಬಿದ್ದ ಕ್ಯಾನುಗಳನ್ನು ಬೇರೆ ತೆಗೆದು ರಿಪೇರಿಗೆ ಹಾಕಿ.

ಉಪ್ಪಿನ ಜಾಗ ಕ್ಯಾನಿನ ಹೊರಗೆ, ಕ್ಯಾನುಗಳನ್ನು ಮುಳುಗಿಸಿ ಹೆಪ್ಪುಗಟ್ಟಿಸುವ ದೊಡ್ಡ ತೊಟ್ಟಿಯಲ್ಲಿ. ಅಲ್ಲಿ ಕೈ ಬಿಗಿ ಹಿಡಿದೀರಿ ಜೋಕೆ! ಹೈಡ್ರೋಮೀಟರ್ ಇಟ್ಟು ನೋಡಿ, ಸಾಂದ್ರತೆ 1.16ರ ಸುತ್ತ ಇರಲಿ. ಅದು ಸುಮಾರು ಶೇ. 21–22ರ ಉಪ್ಪುನೀರು, ಮೈನಸ್ 18 ಡಿಗ್ರಿಯವರೆಗೂ ಹೆಪ್ಪುಗಟ್ಟದು. ಉಪ್ಪು ತೆಳುವಾದರೆ ತೊಟ್ಟಿಯನ್ನು ತಣಿಸುವ ಅಮೋನಿಯಾ ಕೊಳವೆಗಳಿಗೇ ಐಸು ಹತ್ತುತ್ತದೆ. ಉಕ್ಕಿಗೆ ಹೋಲಿಸಿದರೆ ಐಸು ಶಾಖವನ್ನು ದಾಟಿಸುವುದು ಇಪ್ಪತ್ತರಲ್ಲೊಂದು ಪಾಲು. ಕೊಳವೆ ಕಂಬಳಿ ಹೊದ್ದುಕೊಂಡಂತಾಗಿ ಕಂಪ್ರೆಸರು ಸುಮ್ಮನೆ ಓಡುತ್ತದೆ, ಬಿಲ್ಲು ಏರುತ್ತದೆ.

ಕೊನೆಯದಾಗಿ, ಹಳೆಯ ಕ್ಯಾನಿಗೆ ಸೂಜಿತೂತು ಬಿದ್ದಿದ್ದರೆ ತೊಟ್ಟಿಯ ನೀರು ಒಳಗೆ ಜಿನುಗುತ್ತದೆ. ತುಕ್ಕು ತಡೆಯಲೆಂದು ತೊಟ್ಟಿಗೆ ಡೈಕ್ರೋಮೇಟ್ ಹಾಕುವ ಹಳೇ ರೂಢಿ ಕೆಲವೆಡೆ ಇತ್ತು. ಅದು ವಿಷ. ನಿಮ್ಮ ತೊಟ್ಟಿಯ ನೀರಿಗೆ ಹಳದಿ ಛಾಯೆ ಇದ್ದರೆ, ಪ್ರತಿ ಕ್ಯಾನಿಗೂ ನೀರು ತುಂಬಿ, ಹೊರಮೈ ಒರೆಸಿ, ಒಂದು ರಾತ್ರಿ ಒಣನೆಲದ ಮೇಲಿಟ್ಟು ನೋಡುವ ತನಕ ತಿನ್ನುವ ಐಸು ಮಾರಬೇಡಿ. ತಿನ್ನಲಾಗದ ಐಸಿಗೆ ನೀಲಿ ಬಣ್ಣ ಕೊಡಬೇಕೆಂದು 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದ್ದು ಜನ ಕಣ್ಣಿಂದಲೇ ಗುರುತು ಹಿಡಿಯಲೆಂದು.

ಸಾರ್, ಅಪ್ಪನ ಕಾಲದಿಂದ ಮೂಡಲಗಿ ಸಂತ್ಯಾಗ ಕುಲ್ಫಿ ಮಾರ್ತೀವ್ರಿ. ಗಡಿಗ್ಯಾಗ ಐಸು, ಹರಳುಪ್ಪು, ನಡುವ ತಗಡಿನ ಸಾಚಾ (ಅಚ್ಚು). ಅಂಗೈಯಾಗ ಸಾಚಾ ಹೊಸಕಿದ್ರ ಸಾಕು, ಟಪಕ್ಕನ ಬೀಳತಿತ್ತು. ಈಗ ಶುಗರ್ ಇದ್ದವ್ರು ‘ಸಕ್ಕರಿ ಇಲ್ಲದ್ದು ಮಾಡಪಾ’ ಅಂತಾರ. ಸಿಹಿಗುಳಿಗಿ ಹಾಕಿ ಮಾಡೀನಿ. ರುಚಿ ಅಡ್ಡಿಯಿಲ್ಲ, ಆದ್ರ ಸಾಚಾ ಬಿಡವಲ್ದು. ಕಡ್ಡಿ ಎಳದ್ರ ಕಡ್ಡಿ ಅಷ್ಟ ಬರತೈತಿ.
— ಕುಲ್ಫಿ ವ್ಯಾಪಾರಿ, ಮೂಡಲಗಿ

ತಮ್ಮಾ, ಐದರಲ್ಲಿ ನನಗೆ ಅತಿ ಇಷ್ಟವಾದ ಪತ್ರ ನಿನ್ನದು. ಅಪ್ಪನ ಕಾಲದಿಂದ ನಿಮ್ಮ ಮನೆಯಲ್ಲಿ ಸಕ್ಕರೆ ಎರಡು ಕೆಲಸ ಮಾಡುತ್ತಿತ್ತು, ನಿಮಗೆ ಒಂದು ಮಾತ್ರ ಕಂಡಿತ್ತು.

ಶೇ. 15 ಸಕ್ಕರೆ ಇರುವ ನೀರನ್ನು ಮೈನಸ್ 10 ಡಿಗ್ರಿಗೆ ತಂದರೂ ಅದರ ಸುಮಾರು ಕಾಲುಭಾಗ ಗಟ್ಟಿಯಾಗದೆ ದಪ್ಪ ಪಾಕವಾಗಿ ಐಸಿನ ಹರಳುಗಳ ಸಂದಿಯಲ್ಲಿ ಉಳಿಯುತ್ತದೆ. ಈಗಷ್ಟೇ ಗೋಕಾಕದವರಿಗೆ ‘ಉಪ್ಪು ನಡುವಿಗೆ ಓಡುತ್ತದೆ’ ಅಂದೆನಲ್ಲ, ಕುಲ್ಫಿಯಲ್ಲಿ ಹಾಗಾಗುವುದಿಲ್ಲ. ಕಾಯಿಸಿದ ಹಾಲು ಮಂದ, ಸಾಚಾ ಸಣ್ಣದು, ಹೆಪ್ಪು ಬೇಗ ಕಟ್ಟುತ್ತದೆ. ಪಾಕಕ್ಕೆ ಓಡಿಹೋಗಲು ಪುರಸೊತ್ತು ಸಿಗದೆ ಎಲ್ಲಿದ್ದದ್ದು ಅಲ್ಲೇ, ತಗಡಿನ ಅಂಚಿನಲ್ಲೂ ಸಿಕ್ಕಿಕೊಳ್ಳುತ್ತದೆ. ಅಂಗೈಯ ಬಿಸಿಗೆ ಆ ಅಂಚು ಇನ್ನೊಂದಿಷ್ಟು ಸಡಿಲಾಗಿ ಕುಲ್ಫಿ ಟಪಕ್ಕನೆ ಬೀಳುತ್ತಿತ್ತು.

ಸಿಹಿಗುಳಿಗೆ ಸಕ್ಕರೆಯ ನೂರಾರು ಪಟ್ಟು ಸಿಹಿ, ಆದ್ದರಿಂದ ಬೀಳುವುದು ಚಿಟಿಕೆಯಷ್ಟೇ. ನಾಲಿಗೆಗೆ ಚಿಟಿಕೆ ಸಾಕು, ಐಸಿಗೆ ಸಾಲದು. ಹೆಪ್ಪು ಕಟ್ಟುವ ಮಟ್ಟವನ್ನು ಇಳಿಸುವುದು ಸಿಹಿಯಲ್ಲ, ಕರಗಿದ ಕಣಗಳ ಎಣಿಕೆ. ಹಾಲಿನದೇ ಸಕ್ಕರೆ ಒಂದಿಷ್ಟು ಇದೆ, ಅದೊಂದೇ ಭಾರ ಹೊರಲಾರದು.

ಪರಿಹಾರ ಸಾರ್ಬಿಟಾಲ್. ತಿನ್ನಲು ಒಪ್ಪಿತವಾದದ್ದು, ‘ಶುಗರ್ ಫ್ರೀ’ ಮಿಠಾಯಿಗಳಲ್ಲಿ ಇರುತ್ತದೆ. ಅದರ ಕಣ ಸಕ್ಕರೆಯ ಕಣದ ಅರ್ಧದಷ್ಟು ಭಾರ, ಹಾಗಾಗಿ ಅಷ್ಟೇ ತೂಕದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಕೆಲಸ. ಲೀಟರು ಹಾಲಿಗೆ 40–50 ಗ್ರಾಂನಿಂದ ಶುರುಮಾಡು. ಕೈ ಜಾಸ್ತಿಯಾದರೆ ಗಿರಾಕಿಯ ಹೊಟ್ಟೆ ಸಡಿಲಾಗುತ್ತದೆ, ಸಂತೆಯಲ್ಲಿ ಹೆಸರು ಕೆಡುತ್ತದೆ. ಡಬ್ಬಿಯ ಮೇಲೆ ಅದನ್ನು ಹಾಕಿದ್ದೀಯ ಅಂತ ಬರೆ. ಇನ್ನೊಂದು: ‘ಸಕ್ಕರೆ ಹಾಕಿಲ್ಲ’ ಅಂತ ಬರೆದರೆ ಸರಿ, ‘ಸಕ್ಕರೆಯೇ ಇಲ್ಲ’ ಅಂತ ಬರೆದರೆ ಸುಳ್ಳು. ಹಾಲನ್ನು ಅರ್ಧಕ್ಕೆ ಇಂಗಿಸಿದರೆ ಅದರ ಸಕ್ಕರೆ ಎರಡರಷ್ಟು ಮಂದವಾಗುತ್ತದೆ, ಶುಗರ್ ಇದ್ದವರಿಗೆ ಅದೂ ಲೆಕ್ಕವೇ.

ಯಾರಾದರೂ ಗಾಡಿಯ ರೇಡಿಯೇಟರಿಗೆ ಹಾಕುವ ಕೂಲಂಟ್ ಸಾಚಾಕ್ಕೆ ಸವರು ಅಂದರೆ ಅವರ ಮುಖ ನೋಡಬೇಡ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ನಾಲಿಗೆಗೆ ಸಿಹಿ, ಮೂತ್ರಪಿಂಡಕ್ಕೆ ವಿಷ.

ಉಪ್ಪಿನಿಂದ ತಣಿಸುವ ನಿನ್ನ ವಿದ್ಯೆಗೆ ದೊಡ್ಡ ಇತಿಹಾಸವಿದೆ. ಅಕ್ಬರನ ಕಾಲದಲ್ಲಿ ನೀರು ತಣಿಸಲು ಪೆಟ್ಲುಪ್ಪು ಬಳಸುತ್ತಿದ್ದರೆಂದು ಐನ್-ಇ-ಅಕ್ಬರಿಯಲ್ಲಿ ಅಬುಲ್ ಫಜಲ್ ಬರೆದಿದ್ದಾನೆ. ಅಡುಗೆ ಉಪ್ಪಿನಿಂದ ಗಡಿಗೆಯನ್ನು ಎಷ್ಟು ತಣಿಸಿದರೂ ಮೈನಸ್ 21ಕ್ಕಿಂತ ಕೆಳಗೆ ಹೋಗದು. ಇದು ನಿನಗೆ ವರವೇ. ಇನ್ನೂ ಕೆಳಗಿಳಿದಿದ್ದರೆ ಅಂಚಿನ ಪಾಕವೂ ಕಲ್ಲಾಗಿ, ಸಕ್ಕರೆ ಕುಲ್ಫಿಯೂ ಸಾಚಾ ಕಚ್ಚುತ್ತಿತ್ತು.

ಸರ್, ಹುಕ್ಕೇರಿಯಲ್ಲಿ ಶಿಕ್ಷಕಿ. ನಮ್ಮ ಹಳೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಐಸು ಗೋಡೆಗೆ ಕಚ್ಚಿಕೊಂಡು ಸ್ಟೀಲಿನ ಟ್ರೇ ಕೂಡ ಈಚೆ ಬರುವುದಿಲ್ಲ. ಕರೆಂಟು ಹೋಗಿ ಬಂದ ದಿನವಂತೂ ಹೇಳುವುದೇ ಬೇಡ. ನಮ್ಮ ಅತ್ತೆಯವರು ಎಣ್ಣೆ ಸವರು ಅನ್ನುತ್ತಾರೆ, ಪಕ್ಕದ ಮನೆಯವರು ಉಪ್ಪು ಅನ್ನುತ್ತಾರೆ.
— ಓದುಗರು, ಹುಕ್ಕೇರಿ

ಕರೆಂಟಿನ ಮಾತು ಎತ್ತಿ ಉತ್ತರವನ್ನು ನೀವೇ ಅರ್ಧ ಹೇಳಿದಿರಿ ಅಕ್ಕಾ. ಗಾಳಿಯ ತೇವದಿಂದ ನೇರವಾಗಿ ಕೂತ ಹಿಮ ಅರಳೆಯಂತೆ ಸಡಿಲ. ಅಲ್ಲಲ್ಲಿ ಮಾತ್ರ ಗೋಡೆ ಮುಟ್ಟಿರುತ್ತದೆ, ಬೆರಳಿನಿಂದ ಕೆರೆದರೂ ಉದುರುತ್ತದೆ. ಕರೆಂಟು ಹೋದಾಗ ಅದು ಕರಗಿ ನೀರಾಗಿ ತಗಡಿನ ಗೀರುಗೀರಿಗೂ ಇಳಿಯುತ್ತದೆ. ಮತ್ತೆ ಬಂದಾಗ ಅಲ್ಲೇ ಕಲ್ಲಾಗುತ್ತದೆ. ಅಂಟು ಐಸಿನದಲ್ಲ, ನಡುವೆ ಇಳಿದ ಆ ನೀರಿನದು. 1969ರಲ್ಲೇ ಊರಿನದೇ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡ ಹುಕ್ಕೇರಿಯವರಿಗೆ ಕರೆಂಟಿನ ಪಾಠ ನಾನು ಹೇಳಬೇಕಿಲ್ಲ. ಆದರೂ ಹೋಗಿ ಬರುವ ಕರೆಂಟು ಐಸಿಗೆ ಫೆವಿಕಾಲ್ ಇದ್ದಂತೆ.

ಉಪ್ಪು ಬೇಡ, ಅಲ್ಯೂಮಿನಿಯಂ ತಗಡಿಗೆ ಗುಳಿ ಬೀಳುತ್ತದೆ. ಅತ್ತೆಯವರ ಸಲಹೆ ಪೂರ್ತಿ ತಳ್ಳುವಂಥದಲ್ಲ. ಆದರೆ ಕೊಬ್ಬರಿ ಎಣ್ಣೆ ಅಲ್ಲಿ ಮೇಣದಂತೆ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆ ದಿನ ಕಳೆದಂತೆ ಜಿಗುಟಾಗಿ ವಾಸನೆ ಬರುತ್ತದೆ. ಬದಲಿಗೆ ಔಷಧಿ ಅಂಗಡಿಯ ಗ್ಲಿಸರಿನ್ ತನ್ನಿ. ಫ್ರಿಜ್ಜು ಬಂದ್ ಮಾಡಿ ಐಸು ಪೂರ್ತಿ ಕರಗಿಸಿ, ಗೋಡೆ ಒಣಗಿಸಿ, ಬಟ್ಟೆಗೆ ನಾಲ್ಕು ಹನಿ ಹಾಕಿ ತೆಳ್ಳಗೆ ಒರೆಸಿ. ನೀರಿನೊಂದಿಗೆ ಬೆರೆತು ಹೆಪ್ಪುಗಟ್ಟದ ಪದರವಾಗಿ ಕೂರುತ್ತದೆ. ಎರಡು-ಮೂರು ವಾರಕ್ಕೆ ತೆಳುವಾಗಿ ಹೋಗುತ್ತದೆ, ಮತ್ತೆ ಸವರಬೇಕು. ಟ್ರೇಗೆ ಏನೂ ಬೇಡ, ತಳಕ್ಕೆ ನಲ್ಲಿಯ ನೀರು ಬಿಡಿ.

ಚಾಕು ಮಾತ್ರ ಹಾಕಬೇಡಿ. ಮೂವತ್ತು ವರ್ಷ ಶೀತಲೀಕರಣ ಕಲಿಸಿದ ನಾನೇ ಒಂದು ಭಾನುವಾರ ಅವಸರಕ್ಕೆ ಬಿದ್ದು ನಮ್ಮ ಫ್ರೀಜರಿಗೆ ಚಾಕು ಹಾಕಿದೆ. ಸುಯ್ ಅಂತ ಸದ್ದಾಯಿತು, ಫ್ರಿಜ್ಜು ಮುಗಿಯಿತು. ಮನೆಯಲ್ಲಿ ಇವತ್ತಿಗೂ ಅತಿಥಿಗಳು ಬಂದಾಗ ಆ ಕಥೆ ಹೇಳುತ್ತಾರೆ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿರುವುದು ಐಸೋಬ್ಯೂಟೇನ್, ಹೊತ್ತಿ ಉರಿಯುವ ಅನಿಲ. ಆಗ ಅದು ಕಥೆಯಾಗಿ ಉಳಿಯುವುದಿಲ್ಲ.

ನಮಸ್ತೆ ಸರ್. ಗೋಕಾಕದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಐಸು ಲೋಹಕ್ಕೆ ಅಂಟುವ ಬಲವನ್ನು ರಾಸಾಯನಿಕ ಬೆರೆಸಿ ಬೇಕಾದಷ್ಟಕ್ಕೆ ಹೊಂದಿಸಬಹುದು ಎಂದು ಓದಿದೆ. ಇದನ್ನು ಪ್ರಾಜೆಕ್ಟ್ ಮಾಡಬಹುದೇ? ನಮ್ಮಲ್ಲಿ ದೊಡ್ಡ ಯಂತ್ರಗಳಿಲ್ಲ.
— ವಿದ್ಯಾರ್ಥಿನಿ, ಗೋಕಾಕ

ಮಾಡಬಹುದು, ಯಂತ್ರ ಬೇಡ. ವಿಮಾನ ಪ್ರಯಾಣಕ್ಕೆ ಬ್ಯಾಗು ತೂಗುವ ಕೊಕ್ಕೆ-ತಕ್ಕಡಿ ಸಾಕು. ಅರ್ಧ ಇಂಚಿನ ಪಿವಿಸಿ ಪೈಪನ್ನು ಬೆರಳಗಲದ ಉಂಗುರಗಳಾಗಿ ಕೊಯ್ದುಕೋ. ಸ್ಟೀಲ್ ತಗಡನ್ನು ಸೋಪಿನಿಂದ ತೊಳೆದು, ಸೋಪಿನ ಸುಳಿವೂ ಉಳಿಯದಂತೆ ಕುದಿಸಿ ಆರಿಸಿದ ನೀರಲ್ಲಿ ಜಾಲಿಸಿ, ಫ್ರೀಜರಿನಲ್ಲಿ ತಣಿಸು. ಉಂಗುರ ಇಟ್ಟು ಮೊದಲು ಕೆಲವೇ ಹನಿ ಬಿಡು, ಅವು ಕಟ್ಟಿ ಸಂದಿ ಮುಚ್ಚಿದ ಮೇಲೆ ತುಂಬು. ಮರುದಿನ ಉಂಗುರಕ್ಕೆ ತಗಡಿನ ಮಟ್ಟದಲ್ಲೇ ದಾರ ಸುತ್ತಿ ಅಡ್ಡಡ್ಡ ಎಳೆದು, ಕಿತ್ತ ಕ್ಷಣದ ತೂಕ ಬರೆದುಕೋ. ಬರೀ ನೀರು, ಲೀಟರಿಗೆ 1 ಗ್ರಾಂ, 5 ಗ್ರಾಂ, 10 ಗ್ರಾಂ ಉಪ್ಪು, ಆಮೇಲೆ ಅದೇ ಅಳತೆಯಲ್ಲಿ ಸಕ್ಕರೆ. ಪ್ರತಿಯೊಂದಕ್ಕೂ ಹತ್ತು ಸಲ. ಈ ಅಳತೆ ಬಹಳ ಚೆಲ್ಲಾಪಿಲ್ಲಿ ಬರುತ್ತದೆ, ಒಂದೆರಡು ಸಲ ಎಳೆದು ಗೆರೆ ಎಳೆಯಬೇಡ.

ಲೆಕ್ಕ ಹೀಗೆ ಹಾಕು. ಮೈನಸ್ 10ರಲ್ಲಿ ಹೆಪ್ಪುಗಟ್ಟದೆ ಉಳಿಯುವ ಉಪ್ಪುನೀರು ಸುಮಾರು ಶೇ. 14ರದು. ಲೀಟರಿಗೆ 10 ಗ್ರಾಂ ಹಾಕಿದ್ದರೆ, ಆ 10 ಗ್ರಾಂ ಎಲ್ಲವೂ 70 ಗ್ರಾಂನಷ್ಟು ದ್ರವದಲ್ಲಿ ಸೇರಿಕೊಂಡಿರುತ್ತದೆ. ಉಳಿದದ್ದು ಶುದ್ಧ ಐಸು. ನೋಡಲು ಕಲ್ಲು, ಒಳಗೆ ನೂರಕ್ಕೆ ಏಳು ಪಾಲು ನೀರು. ಮೈನಸ್ 21.1ಕ್ಕೆ ಇಳಿಸಿದರೆ ಆ ಏಳು ಪಾಲೂ ಕಲ್ಲಾಗುತ್ತದೆ. ನಿನ್ನ ಫ್ರೀಜರು ಮೈನಸ್ 18 ಇದ್ದರೆ ಉಪ್ಪು ಇನ್ನೂ ಕೆಲಸ ಮಾಡುತ್ತಿರುತ್ತದೆ, ಆದ್ದರಿಂದ ತಾಪಮಾನ ಬರೆಯದೆ ಬಲ ಬರೆದರೆ ಪರೀಕ್ಷಕರು ಬಿಡುವುದಿಲ್ಲ, ಬಿಡಬಾರದು ಕೂಡ.

ಐಸಿನ ಮೈಮೇಲೆ ಸೊನ್ನೆಗಿಂತ ಕೆಳಗೂ ನೀರಿನಂಥ ತೆಳುಪೊರೆ ಇರುತ್ತದೆ ಎಂದು ಮೈಕೆಲ್ ಫ್ಯಾರಡೆ 1850ರಲ್ಲೇ ಹೇಳಿದ್ದ. ಬೆರೆಸುವ ರಾಸಾಯನಿಕಗಳ ಒಂದು ಜಾತಿ, ಉಪ್ಪು-ಸಕ್ಕರೆ-ಗ್ಲೈಕಾಲಿನಂಥವು, ಈ ಪೊರೆಯನ್ನು ದಪ್ಪ ಮಾಡುತ್ತವೆ. ಇನ್ನೊಂದು ಜಾತಿ ಬೇರೆ ಬಗೆಯದು. ಹೆಪ್ಪುಗಟ್ಟುವ ಮಟ್ಟವನ್ನು ಹೆಚ್ಚೇನೂ ಇಳಿಸದೆ, ಐಸಿನ ಹರಳಿನ ಮುಖಕ್ಕೋ ಲೋಹದ ಮೈಗೋ ತಾನೇ ಹೋಗಿ ಕೂತು ನಂಟು ತಪ್ಪಿಸುತ್ತದೆ. ಅಂಟಾರ್ಕ್ಟಿಕದ ಮೀನುಗಳ ರಕ್ತದಲ್ಲಿ ಇಂಥ ಪ್ರೋಟೀನು ಇರುವುದನ್ನು ಆರ್ಥರ್ ಡಿವ್ರೀಸ್ 1969ರಲ್ಲಿ ತೋರಿಸಿದರು. ದೊಡ್ಡ ಕಟ್ಟಡಗಳನ್ನು ತಣಿಸಲು ಕೊಳವೆಯಲ್ಲಿ ಐಸಿನ ಗಂಜಿ ಹರಿಸುವ ಜಪಾನಿನವರು ಈ ವಿಷಯದ ಬೆನ್ನು ಹತ್ತಿದ್ದೂ ಅದಕ್ಕೇ: ಗಂಜಿ ಗೋಡೆಗೆ ಹತ್ತಿದರೆ ಹರಿಯುವುದು ನಿಂತುಹೋಗುತ್ತದೆ. ನಿನಗೆ ಪ್ರೋಟೀನು ಸಿಗದು, ಆದರೆ ಪಾಲಿವಿನೈಲ್ ಆಲ್ಕೋಹಾಲ್ ಪ್ರಯೋಗಾಲಯದ ಕಪಾಟಿನಲ್ಲಿರಬಹುದು. ಲೀಟರಿಗೆ ಒಂದು ಗ್ರಾಂ ಹಾಕಿ ಉಪ್ಪಿನ ಪಕ್ಕ ಇಟ್ಟು ನೋಡು. ಏನು ಬಂತೆಂದು ನನಗೂ ಬರಿ. ತಪ್ಪಿದ ಎಳೆತಗಳ ಪಟ್ಟಿಯನ್ನೂ ಕಳಿಸು, ನನಗೆ ಅದೇ ಹೆಚ್ಚು ರುಚಿ.

ಮೂಡಲಗಿ ಕಡೆ ಹಾಲು ತಣಿಸೋ ಘಟಕದಾಗ ಕೆಲಸಕ್ಕಿದ್ದೀನ್ರಿ. ರಾತ್ರಿ ನೀರಿನ ತೊಟ್ಟ್ಯಾಗ ಕೊಳವಿಗೆ ಐಸು ಕಟ್ಟಿಸಿ, ಹಗಲು ಆ ತಣ್ಣೀರು ಓಡಸ್ತೀವಿ. ತೊಟ್ಟಿ ಹೆಪ್ಪುಗಟ್ಟಬಾರದಂತ ಯಾರೋ ಎರಡು ಚೀಲ ಉಪ್ಪು ಸುರುವ್ಯಾರ. ಈಗ ಐಸು ಕೊಳವಿಗೆ ನಿಲ್ಲಂಗಿಲ್ಲ, ಗಂಜಿ ಆಗಿ ತೇಲಿ ಬಂದು ಪಂಪಿನ ಜಾಳಗಿ ಮುಚ್ಚತೈತಿ.
— ಘಟಕದ ಕೆಲಸಗಾರರು, ಮೂಡಲಗಿ

ನಿಮ್ಮ ತೊಟ್ಟಿಯಲ್ಲಿ ಐಸು ಅಂಟಲೇಬೇಕು. ಕೊಳವೆಗೆ ಗಟ್ಟಿಯಾಗಿ ಹತ್ತಿಕೊಂಡ ಐಸೇ ರಾತ್ರಿ ಕೂಡಿಟ್ಟ ತಂಪು. ಒಂದು ಕಿಲೋ ಐಸು ಕರಗುವಾಗ 80 ಕಿಲೋಕ್ಯಾಲೊರಿ ಶಾಖ ಹೀರುತ್ತದೆ, ಹಗಲು ಹಾಲು ಬಂದಾಗ ಖರ್ಚಾಗುವುದು ಅದು. ಉಪ್ಪು ಸುರಿದವರು ಆ ಹಿಡಿತವನ್ನೇ ಕಡಿದರು. ಜತೆಗೆ ಕೊಳವೆಗೆ ತುಕ್ಕು ಬೇರೆ. ತೊಟ್ಟಿ ಪೂರ್ತಿ ಬರಿದು ಮಾಡಿ, ಎರಡು ಸಲ ಸಿಹಿನೀರು ತುಂಬಿ ಚೆಲ್ಲಿ, ಮೂರನೆಯ ಸಲ ತುಂಬಿದ್ದನ್ನು ನಾಲಿಗೆಗೆ ಹಚ್ಚಿ ನೋಡಿ. ಉಪ್ಪುಪ್ಪು ಅನ್ನಿಸಿದರೆ ಅದನ್ನೂ ಚೆಲ್ಲಿ. ತೊಟ್ಟಿ ಪೂರ್ತಿ ಹೆಪ್ಪುಗಟ್ಟದಂತೆ ತಡೆಯುವುದು ಉಪ್ಪಿನ ಕೆಲಸವಲ್ಲ, ಐಸಿನ ದಪ್ಪ ನೋಡಿ ಕಂಪ್ರೆಸರ್ ನಿಲ್ಲಿಸುವ ಕಂಟ್ರೋಲಿನದು. ಅದು ಕೆಟ್ಟಿರಬೇಕು, ಮೆಕ್ಯಾನಿಕ್ಕನ್ನು ಕರೆಸಿ. ಗೋದಾಮಿನಲ್ಲಿ ಇನ್ನೂ ಉಪ್ಪಿನ ಚೀಲ ಉಳಿದಿದ್ದರೆ ಗೋಕಾಕದ ಐಸ್ ಫ್ಯಾಕ್ಟರಿಯವರಿಗೆ ಕಳಿಸಿಕೊಡಿ, ಅವರ ಹೊರತೊಟ್ಟಿಗೆ ಬೇಕಾಗಿದೆ.